ಸುಹಾಸ್ ಯತಿರಾಜ್ ಅವರ ಬ್ಯಾಡ್ಮಿಂಟನ್: ಪದೇ ಪದೇ ಕೇಳುವ ಪ್ರಶ್ನೆಗಳು

ಸುಹಾಸ್ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಐಎಎಸ್ ಕಥೆಯೇ ಇರುತ್ತದೆ. ಹಾಸನದ ಹುಡುಗ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್, ಉತ್ತರ ಪ್ರದೇಶದಲ್ಲಿ ಜಿಲ್ಲಾಧಿಕಾರಿ. ಕೊನೆಯಲ್ಲಿ 'ಎರಡು ಬೆಳ್ಳಿ ಪದಕವನ್ನೂ ಗೆದ್ದಿದ್ದಾರೆ' ಅಂತ ಒಂದು ಸಾಲು. ಆ ಸಾಲಿನೊಳಗೆ ಏನಿದೆ ಅಂತ ಕೇಳುವವರಿಗಾಗಿ ಈ ಪುಟ. ಇಲ್ಲಿ ಆಟದ ಮಾತೇ ಜಾಸ್ತಿ. ಕಚೇರಿಯ ಮಾತು ಬೇಕಾದಷ್ಟು ಮಾತ್ರ.

ಮೊದಲು ಇವರು ಯಾರು ಅಂತ ಚಿಕ್ಕದಾಗಿ ಹೇಳಿ.

ಪೂರ್ತಿ ಹೆಸರು ಸುಹಾಸ್ ಲಾಳಿನಕೆರೆ ಯತಿರಾಜ್. ಹುಟ್ಟಿದ್ದು 1983ರ ಜುಲೈನಲ್ಲಿ, ಹಾಸನದಲ್ಲಿ. ಓದು ಹಾಸನ ಜಿಲ್ಲೆಯ ದುದ್ದ, ಶಿವಮೊಗ್ಗ, ಆಮೇಲೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಸೈನ್ಸ್. 2007ರ ಬ್ಯಾಚಿನ ಐಎಎಸ್, ಉತ್ತರ ಪ್ರದೇಶ ಕೇಡರ್. ಪ್ಯಾರಾ ಬ್ಯಾಡ್ಮಿಂಟನ್‌ನ ಎಸ್‌ಎಲ್‌4 ವಿಭಾಗದಲ್ಲಿ ಆಡುತ್ತಾರೆ. ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬೆಳ್ಳಿ, ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚಿನ್ನ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ.

ಟಿವಿಯಲ್ಲಿ 'ಯತಿರಾಜ್' ಅಂತಾರೆ, ಪೇಪರಿನಲ್ಲಿ 'ಸುಹಾಸ್ ಎಲ್.ವೈ.' ಅಂತ ಬರುತ್ತೆ. ಇಬ್ಬರೂ ಒಬ್ಬರೇನಾ?

ಒಬ್ಬರೇ. ನಮ್ಮ ಕಡೆ ಇನಿಶಿಯಲ್ ಇಡುವ ರೀತಿ ಗೊತ್ತಲ್ವಾ. ಯತಿರಾಜ್ ಅವರ ತಂದೆಯ ಹೆಸರು. ಹೊರದೇಶದ ಕಾಮೆಂಟರಿಯವರು ಕೊನೆಯ ಹೆಸರನ್ನೇ ಹಿಡಿದು ಕರೆಯುವುದರಿಂದ ಕೋರ್ಟಿನ ತುಂಬ ತಂದೆಯ ಹೆಸರೇ ಕೇಳಿಸುತ್ತದೆ. ಸರ್ಕಾರಿ ನೌಕರಿಯಲ್ಲಿದ್ದ ತಂದೆ 2005ರಲ್ಲೇ ತೀರಿಕೊಂಡರು. ಮಗ ಐಎಎಸ್ ಆಗಿದ್ದನ್ನೂ ನೋಡಲಿಲ್ಲ, ಪದಕ ಗೆದ್ದಿದ್ದನ್ನೂ ನೋಡಲಿಲ್ಲ.

ಎಸ್‌ಎಲ್‌4 ಅಂದರೆ ಏನು?

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಆರು ವಿಭಾಗಗಳಿವೆ. ಗಾಲಿಕುರ್ಚಿಯಲ್ಲಿ ಕೂತು ಆಡುವವರಿಗೆ ಡಬ್ಲ್ಯುಎಚ್‌1, ಡಬ್ಲ್ಯುಎಚ್‌2. ನಿಂತು ಆಡುವ, ಕಾಲಿನ ತೊಂದರೆ ಇರುವವರಿಗೆ ಎಸ್‌ಎಲ್‌3, ಎಸ್‌ಎಲ್‌4. ಕೈಯ ತೊಂದರೆ ಇರುವವರಿಗೆ ಎಸ್‌ಯು5. ಕುಳ್ಳಗಿನ ದೇಹದವರಿಗೆ ಎಸ್‌ಎಚ್‌6.

3ಕ್ಕೂ 4ಕ್ಕೂ ಇರುವ ವ್ಯತ್ಯಾಸದಲ್ಲೇ ಜನ ಗೊಂದಲ ಮಾಡಿಕೊಳ್ಳುವುದು. ಎಸ್‌ಎಲ್‌3ರಲ್ಲಿ ಕಾಲಿನ ತೊಂದರೆ ಹೆಚ್ಚು. ಅದಕ್ಕೆ ಸಿಂಗಲ್ಸ್‌ನಲ್ಲಿ ಕೋರ್ಟಿನ ಅಗಲವನ್ನು ಅರ್ಧ ಮಾಡುತ್ತಾರೆ. ಪ್ರಮೋದ್ ಭಗತ್, ನಿತೇಶ್ ಕುಮಾರ್ ಆಡುವುದು ಈ ವಿಭಾಗದಲ್ಲಿ. ಎಸ್‌ಎಲ್‌4ರಲ್ಲಿ ತೊಂದರೆ ಅಷ್ಟಿಲ್ಲ, ಹಾಗಾಗಿ ಪೂರ್ತಿ ಕೋರ್ಟ್. ಸಿಂಧು ಆಡುವಷ್ಟೇ ಅಗಲ, ಅಷ್ಟೇ ಉದ್ದ, ಅಷ್ಟೇ ಎತ್ತರದ ನೆಟ್. ಪಾಯಿಂಟ್ ಲೆಕ್ಕವೂ ಅದೇ: 21ರ ಗೇಮ್, ಮೂರರಲ್ಲಿ ಎರಡು ಗೆದ್ದವರು ಗೆದ್ದ ಹಾಗೆ.

ಪೂರ್ತಿ ಕೋರ್ಟಿನಲ್ಲಿ ಆಡುತ್ತಾರೆ, ನೋಡಿದರೆ ಏನೂ ಗೊತ್ತಾಗಲ್ಲ. ಮತ್ತೆ ತೊಂದರೆ ಎಲ್ಲಿದೆ?

ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಅನುಮಾನದ ದನಿಯಲ್ಲೂ ಕೇಳುತ್ತಾರೆ.

ಸುಹಾಸ್‌ಗೆ ಹುಟ್ಟಿನಿಂದ ಒಂದು ಕಾಲಿನ ಕಣಕಾಲಿನಲ್ಲಿ ತೊಂದರೆ ಇದೆ. ನೇರ ದಾರಿಯಲ್ಲಿ ನಡೆಯುವಾಗ ಕಣಕಾಲಿನ ಕೆಲಸ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಬ್ಯಾಡ್ಮಿಂಟನ್‌ನಲ್ಲಿ ಹಾಗಲ್ಲ. ಎದುರಾಳಿ ಷಟಲ್ ಮುಟ್ಟುವ ಕ್ಷಣದಲ್ಲಿ ಆಟಗಾರ ಎರಡೂ ಪಾದದ ಮೇಲೆ ಸಣ್ಣಗೆ ಪುಟಿದು ನಿಲ್ಲಬೇಕು. ಆ ಪುಟಿತದಿಂದಲೇ ಎಡಕ್ಕೋ ಬಲಕ್ಕೋ ಹೊರಡುವುದು. ನೆಟ್ ಹತ್ತಿರ ಬಿದ್ದ ಡ್ರಾಪ್ ಎತ್ತಲು ಉದ್ದ ಹೆಜ್ಜೆ ಹಾಕಿ ಬಗ್ಗಬೇಕು, ಮರುಕ್ಷಣ ಮಡಿಚಿದ ಕಾಲನ್ನು ಒತ್ತಿ ನಡುವಿಗೆ ಬರಬೇಕು. ಹಿಂದಿನ ಮೂಲೆಗೆ ಓಡಿ, ನೆಗೆದು ಹೊಡೆದು, ಇಳಿಯುವಾಗ ಇಡೀ ಮೈಯ ಭಾರ ಒಂದು ಪಾದದ ಮೇಲೆ ಬೀಳುತ್ತದೆ. ಇದೆಲ್ಲ ನಡೆಯುವುದು ಕಣಕಾಲಿನಲ್ಲೇ. ಅದು ಪೂರ್ತಿ ಮಡಚದಿದ್ದರೆ, ಪೂರ್ತಿ ಒತ್ತದಿದ್ದರೆ, ಪ್ರತಿ ಸಲ ಸೆಕೆಂಡಿನ ಒಂದು ಚೂರು ತಡವಾಗುತ್ತದೆ. ಒಂದು ರ‍್ಯಾಲಿಯಲ್ಲಿ ಆ ಚೂರು ಕಾಣಿಸುವುದಿಲ್ಲ. ಒಂದು ಗಂಟೆಯ ಪಂದ್ಯದಲ್ಲಿ ಕಾಣಿಸುತ್ತದೆ.

ಇನ್ನೊಂದು ಮಾತು. ವಿಭಾಗವನ್ನು ಆಟಗಾರ ತಾನೇ ಆರಿಸಿಕೊಳ್ಳುವುದಲ್ಲ. ವೈದ್ಯಕೀಯ ದಾಖಲೆ ನೋಡಿ, ಮೈ ಪರೀಕ್ಷೆ ಮಾಡಿ, ಕೋರ್ಟಿನಲ್ಲಿ ಆಡಿಸಿ ನೋಡಿ ಅಧಿಕಾರಿಗಳು ವಿಭಾಗ ಕೊಡುತ್ತಾರೆ. 'ನೋಡಿದರೆ ಏನೂ ಗೊತ್ತಾಗಲ್ಲ' ಅನ್ನುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಐಎಎಸ್‌ಗೆ ಕ್ರೀಡಾ ಕೋಟಾದಲ್ಲಿ ಬಂದವರಾ?

ಅಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಕ್ರೀಡಾ ಕೋಟಾ ಅನ್ನುವುದೇ ಇಲ್ಲ. ಅವರು ಸೇವೆಗೆ ಸೇರಿದ್ದು 2007ರಲ್ಲಿ, ಮೊದಲ ದೊಡ್ಡ ಅಂತರರಾಷ್ಟ್ರೀಯ ಪದಕ 2016ರಲ್ಲಿ. ಲೆಕ್ಕ ನೀವೇ ಹಾಕಿ.

ಹಾಗಾದರೆ ಆಟ ಶುರುವಾಗಿದ್ದು ಯಾವಾಗ?

ಚಿಕ್ಕಂದಿನಿಂದ ಆಡುತ್ತಿದ್ದರು. ಮಗನನ್ನು ಆಟದಿಂದ ದೂರ ಇಡದೆ ಬೆಳೆಸಿದ್ದು ತಂದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಮೇಲೂ ಬ್ಯಾಡ್ಮಿಂಟನ್ ಸಂಜೆಯ ಹವ್ಯಾಸವಾಗಿಯೇ ಉಳಿದಿತ್ತು.

ತಿರುವು ಬಂದಿದ್ದು ಉತ್ತರ ಪ್ರದೇಶದ ಆಜಮ್‌ಗಢದಲ್ಲಿ. ಅಲ್ಲಿ ಅವರು ಡಿಎಂ. ನಮ್ಮಲ್ಲಿ ಡಿಸಿ ಅಂತೀವಲ್ಲ, ಅದೇ ಕುರ್ಚಿ. ಅಲ್ಲೊಂದು ಬ್ಯಾಡ್ಮಿಂಟನ್ ಟೂರ್ನಿಯ ಉದ್ಘಾಟನೆಗೆ ಕರೆದಿದ್ದರು. ಉದ್ಘಾಟನೆ ಅಂದರೆ ಗೊತ್ತಲ್ಲ: ದೀಪ ಹಚ್ಚಿ, ಎರಡು ಮಾತಾಡಿ, ಫೋಟೊಗೆ ಒಂದು ಷಟಲ್ ಹೊಡೆದು ಕಾರು ಹತ್ತುವುದು. ಇವರು ಆಡಲು ಇಳಿದರು, ರಾಜ್ಯ ಮಟ್ಟದ ಆಟಗಾರರ ಎದುರು ಗೆದ್ದೂ ಬಿಟ್ಟರು. ಪ್ಯಾರಾ ಬ್ಯಾಡ್ಮಿಂಟನ್ ಕೋಚ್ ಗೌರವ್ ಖನ್ನಾ ಅವರ ಕಣ್ಣಿಗೆ ಬಿದ್ದಿದ್ದು ಆಗ. ಇದನ್ನು ಗಂಭೀರವಾಗಿ ತಗೊಳ್ಳಿ ಅಂತ ಬೆನ್ನು ಹತ್ತಿದವರು ಅವರೇ. ಆಗ ಸುಹಾಸ್‌ಗೆ 30 ದಾಟಿತ್ತು. ಬಹಳಷ್ಟು ಶಟ್ಲರ್‌ಗಳು ಮಂಡಿಗೆ ಬೆಲ್ಟ್ ಕಟ್ಟಿಕೊಂಡು ನಿವೃತ್ತಿಯ ಮಾತಾಡುವ ವಯಸ್ಸು ಅದು.

ಮೊದಲ ದೊಡ್ಡ ಗೆಲುವು ಯಾವುದು?

2016ರ ನವೆಂಬರ್, ಬೀಜಿಂಗ್, ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್. ಸೀಡ್ ಇಲ್ಲದ, ಅಂದರೆ ಗೆಲ್ಲುವವರ ಪಟ್ಟಿಯಲ್ಲಿ ಯಾರೂ ಎಣಿಸದ ಆಟಗಾರನಾಗಿ ಹೋದರು. ಫೈನಲ್‌ನಲ್ಲಿ ಎದುರಿಗೆ ಇಂಡೊನೇಷ್ಯಾದ ಹ್ಯಾರಿ ಸುಸಾಂಟೊ. ಮೊದಲ ಗೇಮ್ 4-21. ನಾಲ್ಕೇ ಪಾಯಿಂಟ್! ಫೈನಲ್‌ನಲ್ಲಿ ಹಾಗೆ ಸೋತವರು ಸಾಮಾನ್ಯವಾಗಿ ಎರಡನೇ ಗೇಮಿನಲ್ಲಿ ಮರ್ಯಾದೆ ಉಳಿಸಿಕೊಂಡರೆ ಸಾಕು ಅಂತ ಆಡುತ್ತಾರೆ. ಇವರು 21-13, 21-8ರಲ್ಲಿ ಮುಂದಿನ ಎರಡನ್ನೂ ತಗೊಂಡು ಚಿನ್ನ ಗೆದ್ದರು.

ಈ ಸ್ಕೋರನ್ನು ಸ್ವಲ್ಪ ಹೊತ್ತು ನೋಡಿ. ಸುಹಾಸ್ ಆಟದ ಗುಣ ಇದರಲ್ಲೇ ಇದೆ. ಮೊದಲ ಗೇಮಿನಲ್ಲಿ ಎದುರಾಳಿಯನ್ನು ಓದಿಕೊಳ್ಳುತ್ತಾರೆ, ಕೆಲವೊಮ್ಮೆ ಅದಕ್ಕೆ ದುಬಾರಿ ಬೆಲೆಯನ್ನೂ ಕಟ್ಟುತ್ತಾರೆ. ಮುಂದೆ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲೂ ಇದೇ ಆಯಿತು.

2016ರಿಂದ ಟೋಕಿಯೊವರೆಗೆ ಏನು ಮಾಡಿದರು?

2017ರಲ್ಲಿ ಟರ್ಕಿಯ ಟೂರ್ನಿಯಲ್ಲಿ ಚಿನ್ನ. 2018ರಲ್ಲಿ ವಾರಾಣಸಿಯಲ್ಲಿ ರಾಷ್ಟ್ರೀಯ ಚಾಂಪಿಯನ್. ಅದೇ ವರ್ಷ ಜಕಾರ್ತಾದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ತಂಡದ ಜೊತೆ ಕಂಚು. 2020ರ ಆರಂಭದಲ್ಲಿ ಬ್ರೆಜಿಲ್‌ನಲ್ಲಿ ಚಿನ್ನ. ಅಲ್ಲಿಗೆ ಕೋವಿಡ್ ಬಂತು, ಟೂರ್ನಿಗಳು ನಿಂತವು. 2020ರ ಮಾರ್ಚ್ ಕೊನೆಯಲ್ಲಿ ಅವರನ್ನು ನೋಯ್ಡಾ ಇರುವ ಗೌತಮ ಬುದ್ಧ ನಗರ ಜಿಲ್ಲೆಗೆ ಡಿಎಂ ಮಾಡಿದರು. ಲಾಕ್‌ಡೌನ್‌ನ ಮೊದಲ ವಾರ ಅದು. ಆಟಗಾರನಿಗೆ ಇದಕ್ಕಿಂತ ಕೆಟ್ಟ ತಯಾರಿಯ ಕಾಲ ಇರಲಾರದು.

ಟೋಕಿಯೊದಲ್ಲಿ ನಿಜಕ್ಕೂ ಏನಾಯಿತು? ಚಿನ್ನ ಕೈತಪ್ಪಿತು ಅಂತಾರಲ್ಲ?

ಪ್ಯಾರಾಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಕಾಲಿಟ್ಟಿದ್ದೇ ಟೋಕಿಯೊದಲ್ಲಿ. ಅದಕ್ಕೂ ಮೊದಲು ವಿಶ್ವ ಚಾಂಪಿಯನ್‌ಶಿಪ್ ಇತ್ತು, ಪ್ಯಾರಾಲಿಂಪಿಕ್ಸ್ ಪದಕ ಇರಲಿಲ್ಲ. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ 2021ರಲ್ಲಿ ನಡೆಯಿತು.

ಸುಹಾಸ್ ಇದ್ದ ಗುಂಪಿನಲ್ಲಿ ಫ್ರಾನ್ಸ್‌ನ ಲುಕಾಸ್ ಮಜೂರ್, ಜರ್ಮನಿಯ ಯಾನ್-ನಿಕ್ಲಾಸ್ ಪಾಟ್, ಜೊತೆಗೆ ಬೀಜಿಂಗ್‌ನ ಹಳೆಯ ಎದುರಾಳಿ ಸುಸಾಂಟೊ. ಪಾಟ್ ವಿರುದ್ಧ 21-9, 21-3. ಸುಸಾಂಟೊ ವಿರುದ್ಧ 21-6, 21-12. ಮಜೂರ್ ಎದುರು ಮಾತ್ರ 15-21, 17-21ರಲ್ಲಿ ಸೋಲು. ಸೆಮಿಫೈನಲ್‌ನಲ್ಲಿ ಇಂಡೊನೇಷ್ಯಾದ ಫ್ರೆಡಿ ಸೆತಿಯವಾನ್ ಅವರನ್ನು 21-9, 21-15ರಲ್ಲಿ ಮುಗಿಸಿದರು. ಫೈನಲ್‌ನಲ್ಲಿ ಮತ್ತೆ ಮಜೂರ್.

ಸೆಪ್ಟೆಂಬರ್ 5, ಕೂಟದ ಕೊನೆಯ ದಿನ. ಮೊದಲ ಗೇಮ್ ಸುಹಾಸ್‌ಗೆ, 21-15. ಗುಂಪಿನಲ್ಲಿ ಸೋಲಿಸಿದವನ ಮೇಲೆ ಕೆಲವೇ ದಿನಗಳಲ್ಲಿ ಅದೇ ಸ್ಕೋರನ್ನು ತಿರುಗಿಸಿ ಬಿಟ್ಟರು. ಎರಡನೇ ಗೇಮ್ 17-21. ಮೂರನೆಯದು 15-21. ಒಟ್ಟು ಒಂದು ಗಂಟೆ ಮೀರಿದ ಆಟ.

'ಕೈತಪ್ಪಿತು' ಅನ್ನುವುದು ಸರಿಯಲ್ಲ ಅಂತ ನನ್ನ ಅನಿಸಿಕೆ. ಆ ವಿಭಾಗದ ಅತ್ಯುತ್ತಮ ಆಟಗಾರನನ್ನು ಮೂರನೇ ಗೇಮಿಗೆ ಎಳೆದು ತಂದಿದ್ದೇ ಆ ದಿನದ ದೊಡ್ಡ ಸುದ್ದಿ. ಎದುರಿಗೆ ಇದ್ದವರಿಗೆ 23 ವರ್ಷ, ಇವರಿಗೆ 38. ಮೂರನೇ ಗೇಮ್ ಅಂದರೆ ಕಾಲಿನ ಆಟ. ಅಲ್ಲಿ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಕಣಕಾಲೂ ಲೆಕ್ಕಕ್ಕೆ ಬರುತ್ತದೆ.

ಅದೇ ದಿನ ಎಸ್‌ಎಚ್‌6ರಲ್ಲಿ ಕೃಷ್ಣ ನಾಗರ್ ಚಿನ್ನ ಗೆದ್ದರು. ಹಿಂದಿನ ದಿನ ಎಸ್‌ಎಲ್‌3ರಲ್ಲಿ ಪ್ರಮೋದ್ ಭಗತ್‌ಗೆ ಚಿನ್ನ, ಮನೋಜ್ ಸರ್ಕಾರ್‌ಗೆ ಕಂಚು ಬಂದಿತ್ತು. ಮೊದಲ ಸಲ ಇಟ್ಟ ಆಟದಲ್ಲೇ ಭಾರತಕ್ಕೆ ನಾಲ್ಕು ಪದಕ.

ಐಎಎಸ್ ಅಧಿಕಾರಿಯೊಬ್ಬರು ಪ್ಯಾರಾಲಿಂಪಿಕ್ಸ್ ಪದಕ ಗೆದ್ದಿದ್ದು ಅದೇ ಮೊದಲಾ?

ಹೌದು. ಎಲ್ಲ ಪೇಪರಿನ ತಲೆಬರಹದಲ್ಲೂ ಅದೇ ಇತ್ತು. ಆಟದ ವರದಿ ಹುಡುಕಿಕೊಳ್ಳಬೇಕಾಗಿತ್ತು.

ಈ ಮಜೂರ್ ಯಾರು? ಎಲ್ಲ ಕಡೆ ಇವರೇ ಅಡ್ಡ ಬರುತ್ತಾರಲ್ಲ?

ಫ್ರಾನ್ಸ್‌ನವರು, 1997ರಲ್ಲಿ ಹುಟ್ಟಿದವರು, ಸುಹಾಸ್‌ಗಿಂತ 14 ವರ್ಷ ಚಿಕ್ಕವರು. ಎಸ್‌ಎಲ್‌4 ಪುರುಷರ ಸಿಂಗಲ್ಸ್‌ನಲ್ಲಿ ಇದುವರೆಗೆ ಕೊಟ್ಟ ಎರಡೂ ಪ್ಯಾರಾಲಿಂಪಿಕ್ಸ್ ಚಿನ್ನ ಇವರ ಹತ್ತಿರವೇ ಇದೆ. ಮಿಶ್ರ ಡಬಲ್ಸ್‌ನಲ್ಲೂ ಫೌಸ್ಟೀನ್ ನೊಯೆಲ್ ಜೊತೆ ಪದಕ ಗೆದ್ದಿದ್ದಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಸುಹಾಸ್ ಮತ್ತು ಮಜೂರ್ ಮೂರು ಸಲ ಎದುರಾಗಿದ್ದಾರೆ: ಟೋಕಿಯೊದಲ್ಲಿ ಗುಂಪಿನಲ್ಲೊಮ್ಮೆ, ಫೈನಲ್‌ನಲ್ಲೊಮ್ಮೆ, ಆಮೇಲೆ ಪ್ಯಾರಿಸ್ ಫೈನಲ್. ಮೂರನ್ನೂ ಮಜೂರ್ ಗೆದ್ದರು. ಸುಹಾಸ್ ಪ್ಯಾರಾಲಿಂಪಿಕ್ಸ್ ಸಿಂಗಲ್ಸ್‌ನಲ್ಲಿ ಬೇರೆ ಯಾರಿಗೂ ಸೋತಿಲ್ಲ.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. 'ಯಾವಾಗಲೂ ಬೆಳ್ಳೀನೇ' ಅಂತ ಮೂಗು ಮುರಿಯುವವರಿಗೆ ಉತ್ತರ ಅಲ್ಲಿದೆ.

ಹಾಂಗ್‌ಝೌ ಚಿನ್ನದ ಬಗ್ಗೆ ಹೇಳಿ.

2022ರ ಏಷ್ಯನ್ ಪ್ಯಾರಾ ಗೇಮ್ಸ್, ನಡೆದಿದ್ದು 2023ರ ಅಕ್ಟೋಬರ್‌ನಲ್ಲಿ. ಫೈನಲ್‌ನಲ್ಲಿ ಮಲೇಷ್ಯಾದ ಮೊಹಮ್ಮದ್ ಅಮೀನ್ ಬುರ್ಹಾನುದ್ದೀನ್. ಮೊದಲ ಗೇಮ್ 13-21ರಲ್ಲಿ ಹೋಯಿತು. ಎರಡನೆಯದು 21-18. ಈ ಮೂರು ಪಾಯಿಂಟ್‌ಗಳ ಅಂತರದಲ್ಲೇ ಇಡೀ ಪಂದ್ಯ ನಿಂತಿತ್ತು. ಅದನ್ನು ದಾಟಿದ ಮೇಲೆ ಮೂರನೆಯದು 21-9. ಮೂರನೇ ಗೇಮ್ ಅಂದರೆ ಕಾಲಿನ ಆಟ ಅಂತ ಮೇಲೆ ಹೇಳಿದೆನಲ್ಲ, 40 ವಯಸ್ಸಿನಲ್ಲಿ ಆ ಕಾಲಿನ ಆಟವನ್ನು 21-9ರಲ್ಲಿ ಗೆದ್ದಿದ್ದಾರೆ. ಬರೀ ತಲೆಯಿಂದ ಇದು ಆಗುವುದಿಲ್ಲ. ಟೋಕಿಯೊ ಆದಮೇಲೆ ಮೈಯ ಮೇಲೆ ಎಷ್ಟು ಕೆಲಸ ಮಾಡಿರಬೇಕು!

ನನ್ನನ್ನು ಕೇಳಿದರೆ ಅವರ ಪದಕಗಳಲ್ಲಿ ಅತಿ ಕಡಿಮೆ ಮಾತಾಡಿದ್ದು ಇದರ ಬಗ್ಗೆ. ಆ ಕೂಟದಲ್ಲಿ ಭಾರತಕ್ಕೆ 111 ಪದಕ ಬಂದವು. ಆ ಗದ್ದಲದಲ್ಲಿ ಇದು ಮುಚ್ಚಿಹೋಯಿತು.

ವಿಶ್ವ ಚಾಂಪಿಯನ್ ಆಗಿದ್ದು ಯಾವಾಗ?

2024ರ ಫೆಬ್ರವರಿ, ಥಾಯ್ಲೆಂಡ್‌ನ ಪಟ್ಟಾಯ. ಫೈನಲ್‌ನಲ್ಲಿ ಫ್ರೆಡಿ ಸೆತಿಯವಾನ್ ವಿರುದ್ಧ 21-18, 21-18. ಈ ಸಲ ಮೂರನೇ ಗೇಮಿಗೆ ಬಿಡಲಿಲ್ಲ.

ವಿಶ್ವದ ನಂಬರ್ 1 ಕೂಡ ಆಗಿದ್ದರಂತೆ?

2024ರ ಜೂನ್‌ನಲ್ಲಿ, ಮಜೂರ್ ಅವರನ್ನು ಹಿಂದೆ ಹಾಕಿ. ಆದರೆ ರ‍್ಯಾಂಕಿಂಗ್ ಬಗ್ಗೆ ಒಂದು ಮಾತು ತಿಳಿದಿರಲಿ. ಅದು ಒಬ್ಬರನ್ನೊಬ್ಬರು ಸೋಲಿಸಿದ ಲೆಕ್ಕವಲ್ಲ. ಬೇರೆ ಬೇರೆ ಟೂರ್ನಿಗಳಲ್ಲಿ ಎಷ್ಟು ಮುಂದೆ ಹೋದರು ಅನ್ನುವುದಕ್ಕೆ ಸಿಗುವ ಪಾಯಿಂಟ್‌ಗಳ ಮೊತ್ತ. ಹಾಗಾಗಿ ನಂಬರ್ 1 ಆಗಿಯೂ ನಂಬರ್ 2ರ ಎದುರು ಸೋಲುವುದು ವಿಚಿತ್ರವೇನಲ್ಲ. ಎರಡು ತಿಂಗಳಲ್ಲಿ ಅದೇ ಆಯಿತು.

ಪ್ಯಾರಿಸ್ ಫೈನಲ್ ಯಾಕೆ ಅಷ್ಟು ಬೇಗ ಮುಗಿಯಿತು?

2024ರ ಸೆಪ್ಟೆಂಬರ್ 2. ಸ್ಕೋರ್ 9-21, 13-21. ಟೋಕಿಯೊ ಫೈನಲ್ ನೋಡಿದ್ದವರಿಗೆ ಇದು ಬೇಜಾರು ತರಿಸಿದ ಪಂದ್ಯ, ಸುಳ್ಳು ಹೇಳಬಾರದು.

ಅಲ್ಲಿಯವರೆಗಿನ ಹಾದಿ ಚೆನ್ನಾಗಿಯೇ ಇತ್ತು. ಗುಂಪಿನಲ್ಲಿ ಇಂಡೊನೇಷ್ಯಾದ ಹಿಕ್ಮತ್ ರಮ್ದಾನಿ ಅವರನ್ನು ಸಲೀಸಾಗಿ ಸೋಲಿಸಿದರು. ಕೊರಿಯಾದ ಶಿನ್ ಕ್ಯುಂಗ್ ಹ್ವಾನ್ ವಿರುದ್ಧದ ಪಂದ್ಯ ಬಿಗಿಯಾಗಿತ್ತು: 26-24, 21-14. 20-20 ಆದಮೇಲೆ ಎರಡು ಪಾಯಿಂಟ್ ಅಂತರ ಬೇಕಲ್ಲ, ಅದಕ್ಕೆ ಮೊದಲ ಗೇಮ್ ಅಷ್ಟು ಎಳೆಯಿತು. ಸೆಮಿಫೈನಲ್‌ನಲ್ಲಿ ನಮ್ಮವರೇ ಆದ ಸುಕಾಂತ್ ಕದಮ್ ಎದುರು 21-17, 21-12.

ಫೈನಲ್‌ನಲ್ಲಿ ಮಜೂರ್‌ಗೆ ಅದು ಸ್ವಂತ ಊರಿನ ಕೋರ್ಟ್ ಇದ್ದ ಹಾಗೆ. ಪೋರ್ಟ್ ದ ಲಾ ಶಪೆಲ್ ಅರೀನಾ ತುಂಬ ಫ್ರೆಂಚ್ ಜನ. ಪ್ರತಿ ಪಾಯಿಂಟಿಗೂ ಛಾವಣಿ ಹಾರುವಂಥ ಕೂಗು. ಆದರೆ ಬರೀ ಗದ್ದಲದ ಮೇಲೆ ಹೊರೆ ಹಾಕುವುದು ಸರಿಯಲ್ಲ. ಮಜೂರ್ ಅವತ್ತು ಸುಹಾಸ್‌ಗೆ ಓದಿಕೊಳ್ಳಲು ಸಮಯವನ್ನೇ ಕೊಡಲಿಲ್ಲ. ಬೀಜಿಂಗ್, ಹಾಂಗ್‌ಝೌನಲ್ಲಿ ಮೊದಲ ಗೇಮ್ ಸೋತು ಎರಡನೆಯದರಲ್ಲಿ ಆಟ ಬದಲಿಸಿದ್ದರಲ್ಲ, ಇಲ್ಲಿ ಆ ಎರಡನೇ ಗೇಮೂ ಕೈಗೆ ಬರಲಿಲ್ಲ. ಬರೀ ಸ್ಕೋರ್ ನೋಡಿದರೂ ತಿಳಿಯುತ್ತದೆ: ಮೂರು ವರ್ಷದಲ್ಲಿ ಮಜೂರ್ ಬೆಳೆದಿದ್ದರು. 41ರ ಸುಹಾಸ್ ಇದ್ದಲ್ಲೇ ಉಳಿದುಕೊಂಡಿದ್ದೇ ದೊಡ್ಡದು.

ಆದರೂ ಆ ಬೆಳ್ಳಿಯೊಂದಿಗೆ ಒಂದು ದಾಖಲೆ ಬಂತು. ಪ್ಯಾರಾಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಸತತ ಎರಡು ಕೂಟಗಳಲ್ಲಿ ಪದಕ ಗೆದ್ದ ಮೊದಲ ಭಾರತೀಯ ಅವರು. ಟೋಕಿಯೊದಲ್ಲಿ ಚಿನ್ನ ಗೆದ್ದಿದ್ದ ಪ್ರಮೋದ್ ಭಗತ್ ಪ್ಯಾರಿಸ್‌ಗೆ ಹೋಗಲಾಗಲಿಲ್ಲ. ಉದ್ದೀಪನ ಮದ್ದು ಪರೀಕ್ಷೆಗೆ ತಾನು ಎಲ್ಲಿರುತ್ತೇನೆ ಅನ್ನುವ ಮಾಹಿತಿ ಕೊಡುವ ನಿಯಮ ತಪ್ಪಿದ್ದಕ್ಕೆ 18 ತಿಂಗಳ ನಿಷೇಧ ಬಿದ್ದಿತ್ತು.

ಅದೇ ದಿನ ಎಸ್‌ಎಲ್‌3ರಲ್ಲಿ ನಿತೇಶ್ ಕುಮಾರ್ ಚಿನ್ನ ಗೆದ್ದರು. ನಿತೇಶ್ ಓದಿದ್ದು ಐಐಟಿ ಮಂಡಿಯಲ್ಲಿ, ಸುಹಾಸ್ ಎನ್‌ಐಟಿಕೆಯಲ್ಲಿ. ಎಂಜಿನಿಯರಿಂಗ್ ಓದುವ ಮಗನಿಗೆ 'ರ‍್ಯಾಕೆಟ್ ಕೆಳಗಿಟ್ಟು ಓದ್ಕೋ' ಅನ್ನುವ ಅಪ್ಪಂದಿರು ಗಮನಿಸಬೇಕು!

ಡಬಲ್ಸ್ ಆಡುವುದಿಲ್ಲವಾ?

ಆಡುತ್ತಾರೆ. ಪ್ಯಾರಿಸ್‌ನಲ್ಲಿ ಪಲಕ್ ಕೊಹ್ಲಿ ಜೊತೆ ಮಿಶ್ರ ಡಬಲ್ಸ್ ಆಡಿದರು, ಗುಂಪಿನ ಹಂತ ದಾಟಲಿಲ್ಲ. ನಿಂತು ಆಡುವ ಪುರುಷರ ಡಬಲ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಹಾಗಾಗಿ ಅಲ್ಲಿ ಅವರ ಪದಕಗಳೆಲ್ಲ ಸಿಂಗಲ್ಸ್‌ನವೇ.

ಭಾರತದೊಳಗೆ ಇವರಿಗೆ ಪೈಪೋಟಿ ಇದೆಯಾ?

ಇದೆ, ಚೆನ್ನಾಗಿಯೇ ಇದೆ. ಹರಿಯಾಣದ ತರುಣ್ ಧಿಲ್ಲೋನ್ 2018ರ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಇದೇ ಎಸ್‌ಎಲ್‌4 ಸಿಂಗಲ್ಸ್ ಚಿನ್ನ ಗೆದ್ದವರು. ಟೋಕಿಯೊದಲ್ಲಿ ಕಂಚಿನ ಪಂದ್ಯದವರೆಗೆ ಬಂದು ಸೆತಿಯವಾನ್‌ಗೆ ಸೋತರು. ಮಹಾರಾಷ್ಟ್ರದ ಸುಕಾಂತ್ ಕದಮ್ ಪ್ಯಾರಿಸ್‌ನಲ್ಲಿ ಅದೇ ಸೆತಿಯವಾನ್ ಎದುರು ಕಂಚು ಕಳೆದುಕೊಂಡರು. ಪ್ಯಾರಿಸ್ ಸಿಂಗಲ್ಸ್‌ನಲ್ಲಿ ಈ ಮೂವರೂ ಇದ್ದರು. ಅಂದರೆ ಈ ವಿಭಾಗದಲ್ಲಿ ಭಾರತ ತಂಡಕ್ಕೆ ಆಯ್ಕೆಯಾಗುವುದೇ ಅರ್ಧ ಯುದ್ಧ.

ನನಗೆ ಪಾಪ ಅನಿಸುವುದು ತರುಣ್ ಮತ್ತು ಸುಕಾಂತ್ ಬಗ್ಗೆ. ನಾಲ್ಕನೇ ಸ್ಥಾನಕ್ಕೆ ಮೆರವಣಿಗೆ ಇಲ್ಲ.

ಕೋಚ್ ಯಾರು?

ಮೇಲೆ ಹೇಳಿದ ಗೌರವ್ ಖನ್ನಾ, ಭಾರತ ಪ್ಯಾರಾ ಬ್ಯಾಡ್ಮಿಂಟನ್ ತಂಡದ ಮುಖ್ಯ ಕೋಚ್. ಲಖನೌದಲ್ಲಿ ಅವರ ಅಕಾಡೆಮಿ ಇದೆ. 2020ರಲ್ಲಿ ದ್ರೋಣಾಚಾರ್ಯ, 2024ರಲ್ಲಿ ಪದ್ಮಶ್ರೀ. ಭಾರತದ ಪ್ಯಾರಾ ಬ್ಯಾಡ್ಮಿಂಟನ್‌ನ ಬಹುತೇಕ ದೊಡ್ಡ ಹೆಸರುಗಳು ಒಂದಲ್ಲ ಒಂದು ಹೊತ್ತಿನಲ್ಲಿ ಅವರ ಕೈಕೆಳಗೆ ಪಳಗಿದವರೇ.

ಡಿಎಂ ಕೆಲಸ ಇಟ್ಟುಕೊಂಡು ಅಭ್ಯಾಸ ಯಾವಾಗ ಮಾಡುತ್ತಿದ್ದರು?

ರಾತ್ರಿ. ಕಚೇರಿ ಮುಗಿದ ಮೇಲೆ. ನಮ್ಮ ಡಿಸಿ ಕಚೇರಿಗಳನ್ನು ನೋಡಿದವರಿಗೆ ಗೊತ್ತು, ಅದು ಐದೂವರೆಗೆ ಬಾಗಿಲು ಹಾಕುವ ಕೆಲಸವಲ್ಲ. ಫುಲ್‌ಟೈಮ್ ಆಟಗಾರ ದಿನಕ್ಕೆ ಎರಡು ಹೊತ್ತು ಕೋರ್ಟಿನಲ್ಲಿರುತ್ತಾನೆ, ನಡುವೆ ಮಲಗುತ್ತಾನೆ, ಫಿಸಿಯೊ ಹತ್ತಿರ ಹೋಗುತ್ತಾನೆ. ಇವರಿಗೆ ಸಿಕ್ಕಿದ್ದು ದಿನದ ಕೊನೆಯ, ದಣಿದ ಹೊತ್ತು. 2023ರಲ್ಲಿ ಜಿಲ್ಲೆಯ ಹೊಣೆ ಬಿಟ್ಟು ಲಖನೌದಲ್ಲಿ ಯುವಜನ ಕಲ್ಯಾಣ, ಕ್ರೀಡೆಗೆ ಸಂಬಂಧಪಟ್ಟ ಹುದ್ದೆಗಳಿಗೆ ಬಂದರು. ಹಾಂಗ್‌ಝೌ, ಪಟ್ಟಾಯ ಎರಡೂ ಚಿನ್ನ ಬಂದಿದ್ದು ಅದಾದ ಮೇಲೆ. ಎರಡಕ್ಕೂ ನಂಟು ಇದೆಯಾ? ಇರಬಹುದು ಅಂತ ನನ್ನ ಊಹೆ.

ಅಧಿಕಾರಿಯಾಗಿದ್ದರಿಂದ ಅನುಕೂಲವೂ ಇತ್ತಲ್ವಾ ಅಂತ ಕೇಳುವವರಿದ್ದಾರೆ. ಸಂಬಳದ ಚಿಂತೆ ಇಲ್ಲ, ಕೋರ್ಟ್ ಸಿಗುತ್ತದೆ, ನಿಜ. ಪ್ಯಾರಾ ಆಟಗಾರರಲ್ಲಿ ಬಹಳ ಜನರಿಗೆ ಇವೆರಡೂ ಇರುವುದಿಲ್ಲ. ಇದನ್ನು ಒಪ್ಪಿಕೊಂಡರೆ ಸುಹಾಸ್ ಸಾಧನೆ ಏನೂ ಕಡಿಮೆಯಾಗುವುದಿಲ್ಲ. ನೆಟ್‌ನ ಆಚೆ ಇರುವವನಿಗೆ ಇವರ ಹುದ್ದೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಸ್ಮ್ಯಾಷ್ ಮೆಲ್ಲಗೆ ಹೊಡೆಯುವುದಿಲ್ಲ.

ಪ್ರಶಸ್ತಿಗಳು?

2016ರಲ್ಲಿ ಉತ್ತರ ಪ್ರದೇಶ ಸರ್ಕಾರದ ಯಶ್ ಭಾರತಿ, 2021ರಲ್ಲಿ ಅರ್ಜುನ.

ಇವರನ್ನು ಕರ್ನಾಟಕದ ಆಟಗಾರ ಅನ್ನಬಹುದಾ?

ಕನ್ನಡಿಗ ಅನ್ನಬಹುದು, ಹಾಸನದವರು ಅನ್ನಬಹುದು. ಆಟಗಾರನಾಗಿ ಬೆಳೆದಿದ್ದು ಉತ್ತರ ಪ್ರದೇಶದಲ್ಲಿ. ಪ್ರಕಾಶ್ ಪಡುಕೋಣೆ ಅವರ ನಾಡಿನಲ್ಲಿ ಹುಟ್ಟಿಯೂ ಉತ್ತರ ಪ್ರದೇಶದ ಪೂರ್ವ ಭಾಗದ ಒಂದು ಊರಿನಲ್ಲಿ ಕಣ್ಣಿಗೆ ಬಿದ್ದರು ಅನ್ನುವುದು ನಮಗೆ ಸ್ವಲ್ಪ ಚುಚ್ಚಬೇಕು. ಶಿವಮೊಗ್ಗ, ಸುರತ್ಕಲ್‌ನಲ್ಲಿ ಅವರು ಓದುತ್ತಿದ್ದಾಗ ಪ್ಯಾರಾ ಬ್ಯಾಡ್ಮಿಂಟನ್ ಅನ್ನುವುದೊಂದು ಇದೆ ಅಂತ ನಮ್ಮಲ್ಲಿ ಎಷ್ಟು ಪಿಟಿ ಮೇಷ್ಟ್ರಿಗೆ ಗೊತ್ತಿತ್ತು?

ಇದು ನಮ್ಮೂರಲ್ಲಿ ಆಡುವ ಬಾಲ್ ಬ್ಯಾಡ್ಮಿಂಟನ್ನಾ?

ಅಲ್ಲ ಮಾರಾಯ್ರೇ. ಅದು ಉಣ್ಣೆ ಚೆಂಡಿನ ಆಟ, ಒಂದೊಂದು ಕಡೆ ಐದೈದು ಜನ. ಇದು ಷಟಲ್.

ಪ್ಯಾರಾಲಿಂಪಿಕ್ಸ್, ಸ್ಪೆಷಲ್ ಒಲಿಂಪಿಕ್ಸ್ ಎರಡೂ ಒಂದೇನಾ?

ಬೇರೆ ಬೇರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಹೆಚ್ಚಾಗಿ ದೈಹಿಕ ತೊಂದರೆ, ದೃಷ್ಟಿ ತೊಂದರೆ ಇರುವವರು. ಕೆಲವು ಆಟಗಳಲ್ಲಿ ಮಾತ್ರ ಬೌದ್ಧಿಕ ತೊಂದರೆ ಇರುವವರಿಗೂ ಸ್ಪರ್ಧೆ ಇದೆ. ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ತೊಂದರೆ ಇರುವವರಿಗಾಗಿಯೇ ಇರುವುದು. ಕಿವಿ ಕೇಳಿಸದವರಿಗೆ ಡೆಫ್ಲಿಂಪಿಕ್ಸ್ ಅಂತ ಇನ್ನೊಂದಿದೆ. ಮೂರಕ್ಕೂ ಸಂಸ್ಥೆಗಳೂ ಬೇರೆ, ನಿಯಮಗಳೂ ಬೇರೆ.

ನಮ್ಮ ಮಗಳಿಗೆ ಕಾಲಿನ ತೊಂದರೆ ಇದೆ, ಷಟಲ್ ಚೆನ್ನಾಗಿ ಆಡುತ್ತಾಳೆ. ಎಲ್ಲಿಂದ ಶುರು ಮಾಡಬೇಕು?

ಮೊದಲು ಹತ್ತಿರದ ಯಾವುದಾದರೂ ಅಕಾಡೆಮಿಗೆ ಸೇರಿಸಿ, ಎಲ್ಲ ಮಕ್ಕಳ ಜೊತೆಯಲ್ಲೇ ಆಡಲಿ. ಪ್ಯಾರಾ ಆಟಗಾರರಿಗೇ ಅಂತ ಅಕಾಡೆಮಿ ಹುಡುಕಿಕೊಂಡು ಕೂತರೆ ವರ್ಷ ಹೋಗುತ್ತದೆ. ಗ್ರಿಪ್, ಸರ್ವ್, ಹೆಜ್ಜೆ ಇವೆಲ್ಲ ಯಾರಿಗಾದರೂ ಒಂದೇ.

ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸಿಡಿ, ಸ್ಪರ್ಧೆಗಳಲ್ಲಿ ಕೇಳುತ್ತಾರೆ. ಆದರೆ ಆ ಕಾರ್ಡಿನಲ್ಲಿರುವ ಶೇಕಡಾವಾರು ನೋಡಿ ವಿಭಾಗ ನಿರ್ಧಾರವಾಗುವುದಿಲ್ಲ. ಶೇ 40 ಇದೆ ಅಂದಮಾತ್ರಕ್ಕೆ ಎಸ್‌ಎಲ್‌4 ಅಂತಲ್ಲ. ಕ್ರೀಡೆಯ ವರ್ಗೀಕರಣವೇ ಬೇರೆ, ರಾಷ್ಟ್ರೀಯ ಮಟ್ಟದಲ್ಲೊಮ್ಮೆ ಮಾಡುತ್ತಾರೆ, ವಿದೇಶಕ್ಕೆ ಆಡಲು ಹೋದಾಗ ಅಲ್ಲಿಯವರು ಮತ್ತೊಮ್ಮೆ ಮಾಡುತ್ತಾರೆ. ಹಳೆಯ ಎಕ್ಸ್-ರೇ, ಆಪರೇಷನ್ ಕಾಗದ, ಡಿಸ್ಚಾರ್ಜ್ ಸಮ್ಮರಿ ಯಾವುದನ್ನೂ ಬಿಸಾಕಬೇಡಿ. ಹತ್ತು ವರ್ಷದ ಹಿಂದಿನ ಒಂದು ಹಾಳೆ ಆಗ ಕೆಲಸಕ್ಕೆ ಬರುತ್ತದೆ.

ಸುಹಾಸ್ ಆಟ ಒಂದೇ ಒಂದು ನೋಡುವುದಾದರೆ ಯಾವುದು ನೋಡಲಿ?

ಟೋಕಿಯೊ ಫೈನಲ್. ಪ್ಯಾರಾಲಿಂಪಿಕ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಹುಡುಕಿ. ಮೊದಲ ಗೇಮ್ ನೋಡುವಾಗ ಷಟಲ್ ಹಿಂದೆ ಕಣ್ಣು ಓಡಿಸಬೇಡಿ, ಸುಹಾಸ್ ಕಾಲನ್ನೇ ನೋಡಿ. ಹೊಡೆದ ಮೇಲೆ ಎಲ್ಲಿಗೆ ಬಂದು ನಿಲ್ಲುತ್ತಾರೆ, ಎಷ್ಟು ಬೇಗ ನಿಲ್ಲುತ್ತಾರೆ ಅಂತ. ಮೂರನೇ ಗೇಮಿಗೆ ಬಂದಾಗ ಅದನ್ನೇ ಮತ್ತೆ ನೋಡಿ. ವ್ಯತ್ಯಾಸ ಗೊತ್ತಾದರೆ ಎಸ್‌ಎಲ್‌4 ಬಗ್ಗೆ ನಾನು ಮೇಲೆ ಬರೆದಿದ್ದನ್ನೆಲ್ಲ ನೀವು ಓದದೇ ಇದ್ದರೂ ನಡೆಯುತ್ತಿತ್ತು.